ಅಮ್ಮಿಯ ದವಡೆ ಹಲ್ಲು

ಗುಬ್ಬಿ
18-1-2024

ನಂದಿತಾ,

ಬೆಳಿಗ್ಗೆಯಿಂದ ಫೋನಿನಲ್ಲಿ ನಿನ್ನ ಹೆಸರು ತೆಗೆಯುವುದು, ಮತ್ತೆ ಫೋನ್ ಕೆಳಗಿಡುವುದು, ಇದೇ ಆಗಿದೆ. ಮಾತು ಶುರು ಮಾಡಿದರೆ ಕಿರುಚಿಬಿಡುತ್ತೇನೆ. ಹೊರಗೆ ಬೆಂಚಿನ ಮೇಲೆ ಪೇಷಂಟುಗಳಿದ್ದಾರೆ, ಅವರ ನಡುವೆ ಅಬ್ಬಾ ಕೂತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಅಮ್ಮಿಯ ಹಲ್ಲು ಬಿಚ್ಚಿದೆ. ಹೋದ ಆಗಸ್ಟಿನಲ್ಲಿ ಕುಣಿಗಲ್‌ನ ನಿನ್ನ ಕ್ಲಿನಿಕ್ಕಿನಲ್ಲಿ ನೀನು ಮುಗಿಸಿಕೊಟ್ಟೆಯಲ್ಲ, ಎಡಗಡೆ ಕೆಳದವಡೆಯದು, ಅದೇ. ರೂಟ್ ಕೆನಾಲ್ ಶುರು ಮಾಡಿದ್ದು ನಾನು. ನರ ತೆಗೆದು, ಔಷಧಿಯಿಟ್ಟು, ಮೇಲೆ ತಾತ್ಕಾಲಿಕ ಫಿಲ್ಲಿಂಗ್ ಮುಚ್ಚಿ, ವಾರ ಬಿಟ್ಟು ಮುಗಿಸೋಣ ಅಂದಿದ್ದೆ. ಅಷ್ಟರಲ್ಲಿ ಅಮ್ಮಿ ತನ್ನ ತಂಗಿ, ನಮ್ಮ ಖಾಲಾ ಮನೆಗೆಂದು ಕುಣಿಗಲ್‌ಗೆ ಬಂದಳು. ಅಲ್ಲಿ ನೋವು ತಡೆಯಲಾಗದೆ ನಿನ್ನ ಹತ್ತಿರ ಓಡಿ ಬಂದಳು. ಮನೆಗೆ ವಾಪಸು ಬಂದು ಬಾಯಿ ತೆರೆದು ತೋರಿಸಿದಾಗ ನನಗೆ ಖುಷಿಯೇ ಆಗಿತ್ತು. ಆ ಬಿಳಿ ಫಿಲ್ಲಿಂಗ್ ಎಷ್ಟು ಚಂದ ಕೂತಿತ್ತೆಂದರೆ ಯಾವುದು ಹಲ್ಲು, ಯಾವುದು ಫಿಲ್ಲಿಂಗ್ ಎಂದು ಹೇಳಲಾಗುತ್ತಿರಲಿಲ್ಲ. ನಂದಿತಾ ಕೈ ಅಂದರೆ ಕೈ ಎಂದು ನಾನೇ ಹೊಗಳಿದ್ದೆ.

ಸಂಕ್ರಾಂತಿ ಹೊತ್ತಿಗೆ ಅಮ್ಮಿಯ ಕೆನ್ನೆ ಊದಿತು. ಇವತ್ತು ಚೇರಿನಲ್ಲಿ ಕೂರಿಸಿದೆ. ಡ್ರಿಲ್ ಕೂಡ ಬೇಕಾಗಲಿಲ್ಲ ಕಣೇ. ಅಂಚಿಗೆ ಮೊನೆ ಹಾಕಿ ಮೀಟಿದರೆ ಆ ಫಿಲ್ಲಿಂಗ್ ಡಬ್ಬಿಯ ಮುಚ್ಚಳದ ಹಾಗೆ ಎದ್ದು ಬಂತು. ಅಡಿಯಲ್ಲಿ ಒದ್ದೆ ಸುಣ್ಣದಂಥ ಹಿಟ್ಟು. ನೀರು ಬಿಟ್ಟರೆ ಹರಿದು ಹೋಯಿತು. ಅದೇನೆಂದು ನಿನಗೆ ಗೊತ್ತು, ನನಗೂ ಗೊತ್ತು. ರಿಪೇರಿ ಸಿಮೆಂಟ್. ನಮ್ಮ ಕೈ ತಪ್ಪಿ ಹಲ್ಲಿನಲ್ಲಿ ಆಗಬಾರದ ಕಡೆ ತೂತಾದಾಗ ಮುಚ್ಚುವ ಸಿಮೆಂಟ್. ಅದು ತೊಳೆದು ಹೋದ ಮೇಲೆ ಹಲ್ಲಿನ ತಳದಲ್ಲಿ, ಬೇರುಗಳು ಕವಲೊಡೆಯುವ ಜಾಗದಲ್ಲಿ, ತೂತು. ಅದರೊಳಗೆ ಕೆಂಪು ಮಾಂಸ. ಸುತ್ತಲಿನ ಮೂಳೆ ಕರಗಿದೆ. ಎಕ್ಸ್‌ರೇ ಇದರ ಜೊತೆ ಇಟ್ಟಿದ್ದೇನೆ, ನೀನೇ ನೋಡು.

ಕನ್ನಡಿ ಕೆಳಗಿಟ್ಟು ಅಮ್ಮಿಯ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿ ಮಲಗಿದ್ದಳು. ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳಿಗೆ ನಿನ್ನ ಮೇಲೆ ಪ್ರಾಣ. ಹೇಗೆ ಹೇಳಲಿ?

ತೂತು ಯಾರ ಕೈಯಲ್ಲೂ ಆಗಬಹುದು, ಒಪ್ಪುತ್ತೇನೆ. ಆದರೆ ನನಗೆ ಯಾಕೆ ಹೇಳಲಿಲ್ಲ? ಆ ಸಿಮೆಂಟ್ ಗಟ್ಟಿಯಾಗುವವರೆಗೆ ಕಾಯಬೇಕೆಂದು ನಿನಗೆ ಗೊತ್ತಿಲ್ಲವಾ? ಕಾದಿದ್ದರೆ ಅಮ್ಮಿಯನ್ನು ಮತ್ತೆ ಕರೆಸಬೇಕಿತ್ತು, ಯಾಕೆ ಎಂದು ನಾನು ಕೇಳುತ್ತಿದ್ದೆ. ಕೇಳಬಾರದೆಂದೇ ಅಂದೇ ಮುಚ್ಚಿಬಿಟ್ಟೆ, ಅಲ್ಲವಾ? ಅಷ್ಟು ಚಂದ ಮಾಡಿದ್ದೂ ಅದಕ್ಕೇನಾ?

ಅವತ್ತು ಏನಾಯಿತೆಂದು ಇದ್ದದ್ದು ಇದ್ದಹಾಗೆ ಬರೆ. ಮುಂದಿನ ತಿಂಗಳು ತುಮಕೂರಿನಲ್ಲಿ ನಮ್ಮ ಮೇಷ್ಟ್ರು ಬಸವರಾಜ್ ಸರ್ ಕ್ಲಿನಿಕ್ಕನ್ನು ನಾವಿಬ್ಬರೂ ಒಟ್ಟಿಗೆ ವಹಿಸಿಕೊಳ್ಳುವವರು. ಒಂದೇ ಬೋರ್ಡಿನ ಮೇಲೆ ನಿನ್ನ ಹೆಸರು, ನನ್ನ ಹೆಸರು. ಅದಕ್ಕೂ ಮೊದಲು ನನಗೆ ಇದು ಗೊತ್ತಾಗಬೇಕು.

ಇರಮ್


ಕುಣಿಗಲ್
25-1-2024

ಇರಮ್,

ನಿನ್ನ ಕವರ್ ನಿನ್ನೆ ಬಂತು. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಬಂದ ಪೇಷಂಟುಗಳನ್ನು ನಾಳೆ ಬನ್ನಿ ಎಂದು ಕಳಿಸಿಬಿಟ್ಟೆ.

ನೀನು ಕಾಗದದಲ್ಲಿ ಕೇಳಿದ್ದೀಯ, ಕಾಗದದಲ್ಲೇ ಹೇಳುತ್ತೇನೆ. ಆ ಸಿಮೆಂಟ್ ಹಾಕಿದ್ದು ನಾನು. ಅದರ ಮೇಲೆ ಅವತ್ತೇ ಬಿಳಿ ಫಿಲ್ಲಿಂಗ್ ಹಾಕಿದ್ದೂ ನಾನು. ಹಾಕಬಾರದಿತ್ತು. ಮುಟ್ಟಿದರೆ ಗಟ್ಟಿಯಾದಂತೆ ಅನಿಸಿದರೂ ಒಳಗೆ ಅದಿನ್ನೂ ಹಸಿ. ಫಿಲ್ಲಿಂಗ್ ಹಿಡಿಯಲೆಂದು ಹಚ್ಚುವ ಆಸಿಡ್ ಅದನ್ನು ತಿನ್ನುತ್ತದೆ. ಲೈಟ್ ಹಿಡಿದಾಗ ಫಿಲ್ಲಿಂಗ್ ಕುಗ್ಗುತ್ತ ಅದನ್ನು ಮೇಲಕ್ಕೆ ಎಳೆಯುತ್ತದೆ. ತಾತ್ಕಾಲಿಕದ್ದು ಮುಚ್ಚಿ, ಎರಡು ವಾರ ಬಿಟ್ಟು, ಬಿಚ್ಚಿ ಮುಟ್ಟಿ ನೋಡಿ, ಆಮೇಲೆ ಬಿಳಿಯದು ಹಾಕಬೇಕಿತ್ತು. ಇದೆಲ್ಲ ಗೊತ್ತಿದ್ದೂ ಅವಸರ ಮಾಡಿದೆ. ಆ ತಪ್ಪು ನನ್ನದು.

ತೂತಿನ ವಿಷಯ ನಾನು ಮಾತಾಡಲಾರೆ. ಒತ್ತಾಯ ಮಾಡಬೇಡ.

ಒಂದೇ ಒಂದು ಬೇಡಿಕೊಳ್ಳುತ್ತೇನೆ. ಹಲ್ಲು ಕೀಳಬೇಡ. ಎಕ್ಸ್‌ರೇ ನೋಡಿದರೆ ಬೇರುಗಳು ಚೆನ್ನಾಗಿವೆ. ಕೀವು ಇಳಿಯಲಿ, ಚೆನ್ನಾಗಿ ತೊಳೆ, ಹೊಸದಾಗಿ ಸಿಮೆಂಟ್ ಹಾಕು, ಈ ಸಲ ಕಾಯಿ. ನಿನಗೆ ನನ್ನ ಮೇಲೆ ಎಷ್ಟೇ ಕೋಪ ಇರಲಿ, ಅದು ಅಮ್ಮಿಯ ಹಲ್ಲು. ನಿನಗೆ ಬೇಜಾರಾದರೆ ನಾನೇ ಗುಬ್ಬಿಗೆ ಬಂದು ಮಾಡಿಕೊಡುತ್ತೇನೆ, ನೀನು ಪಕ್ಕದಲ್ಲಿ ನಿಂತು ನೋಡು.

ಅಮ್ಮಿಗೆ ಬಿಸಿ ಅನ್ನ ಕೊಡಬೇಡ. ಗಂಜಿ ಆರಿಸಿ ಕೊಡು.

ನಂದಿತಾ


ಗುಬ್ಬಿ
9-2-2024

ನಂದಿತಾ,

ಮಾತಾಡಲಾರೆನಂತೆ. ಎಷ್ಟು ಸುಲಭ!

ನಿನ್ನ ಕಾಗದ ಓದಿದ ದಿನವೇ ಆ ಹಲ್ಲು ಕಿತ್ತೆ. ಉಳಿಯುತ್ತಿತ್ತೋ ಏನೋ, ಯೋಚನೆ ಮಾಡಲು ಹೋಗಲಿಲ್ಲ. ನೀನು ಮುಚ್ಚಿಟ್ಟದ್ದನ್ನು ಇನ್ನೊಂದು ಸಲ ತೊಳೆದು, ಇನ್ನೊಂದು ಸಲ ಮುಚ್ಚಿ, ಅದರ ಮೇಲೆ ಅಮ್ಮಿ ಜೀವಮಾನವಿಡೀ ಅಗಿಯುವುದನ್ನು ನಾನು ನೋಡಬೇಕಿತ್ತಾ? ಇಂಜೆಕ್ಷನ್ ಕೊಟ್ಟೆ, ಕಿತ್ತೆ, ತಟ್ಟೆಗೆ ಹಾಕಿದೆ. ಅಮ್ಮಿ ಹತ್ತಿ ಕಚ್ಚಿಕೊಂಡು ಅದನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು ಬಂತು. ನೋವಾಯ್ತಾ ಅಂದರೆ ಇಲ್ಲ ಎಂದು ತಲೆಯಾಡಿಸಿದಳು.

ಹಾಸ್ಟೆಲ್ಲಿನಲ್ಲಿ ಐದು ವರ್ಷ ಒಂದೇ ರೂಮು. ನಿಮ್ಮಮ್ಮ ಕೊತ್ತಗೆರೆಯಿಂದ ಕಳಿಸಿದ ರಾಗಿ ಹುರಿಹಿಟ್ಟನ್ನು ಒಂದೇ ಲೋಟದಲ್ಲಿ ಕಲಸಿ ಕುಡಿದವರು ನಾವು. ಪ್ರತಿ ಈದ್‌ಗೂ ನೀನು ನಮ್ಮ ಮನೆಯಲ್ಲಿರುತ್ತಿದ್ದೆ. ತಂಗಿ ಫಾಯಿಜಾ ನನಗಿಂತ ನಿನ್ನ ಮಾತನ್ನೇ ಹೆಚ್ಚು ಕೇಳುತ್ತಾಳೆ. ಅಂಥವಳು ನನ್ನ ತಾಯಿಯ ಬಾಯೊಳಗೆ ತೂತು ಮಾಡಿ, ಮೇಲೆ ಬಣ್ಣ ಹಚ್ಚಿ ಕಳಿಸಿದಳು ಎಂದರೆ ನಾನು ಇನ್ನು ಯಾರನ್ನು ನಂಬಲಿ? ದಾರಿಯಲ್ಲಿ ಹೋಗುವ ಯಾರೋ ಮಾಡಿದ್ದರೆ ಇಷ್ಟು ಅನಿಸುತ್ತಿರಲಿಲ್ಲ.

ತುಮಕೂರಿನ ಕ್ಲಿನಿಕ್ಕಿನ ಮಾತು ಮುಗಿಯಿತು. ಬಸವರಾಜ್ ಸರ್‌ಗೆ ನಾನೇ ಹೇಳುತ್ತೇನೆ. ಭಾನುವಾರ ಬ್ಯಾಚಿನವರು ಸೇರುತ್ತಿದ್ದೇವೆ. ನೀನು ಬರದಿದ್ದರೆ ಇಬ್ಬರಿಗೂ ಒಳ್ಳೆಯದು. ಫೋನ್ ಮಾಡಬೇಡ, ನಿನ್ನ ನಂಬರ್ ಬ್ಲಾಕ್ ಮಾಡಿದ್ದೇನೆ.

ಇರಮ್


ಕುಣಿಗಲ್
26-2-2024

ಇರಮ್,

ನಿನ್ನ ಕಾಗದ ಬಂದದ್ದು ಸೋಮವಾರ. ಶನಿವಾರ ಬಂದಿದ್ದರೆ ನಾನು ತುಮಕೂರಿಗೆ ಬರುತ್ತಿರಲಿಲ್ಲ.

ಬಸ್ ತಡವಾಗಿ, ಹೋಟೆಲಿನ ಮೆಟ್ಟಿಲು ಹತ್ತಿ ಒಳಗೆ ಬಂದೆ. ನೀನು ನಿಂತುಕೊಂಡು ಮಾತಾಡುತ್ತಿದ್ದೆ. ಏನೋ ಕೇಸ್ ಹೇಳುತ್ತಿದ್ದಾಳೆ ಅಂದುಕೊಂಡೆ. ಎಕ್ಸ್‌ರೇ ಫೋಟೋ ತೆರೆದಿದ್ದ ನಿನ್ನ ಫೋನ್ ಕೈಯಿಂದ ಕೈಗೆ ಹೋಗುತ್ತಿತ್ತು. ಮಧುಶ್ರೀ ಅದರಿಂದ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ನೀನು ನನ್ನ ಹೆಸರು ಹೇಳಿರಲಿಲ್ಲವಂತೆ, ಆಮೇಲೆ ಗೊತ್ತಾಯಿತು. ಹೇಳುವ ಅಗತ್ಯವೇ ಇರಲಿಲ್ಲ, ಕುಣಿಗಲ್‌ನ ಕ್ಲಿನಿಕ್ ಅಂದರೆ ಸಾಕಿತ್ತು. ನೀನೂ ನನ್ನನ್ನು ನೋಡಿದೆ. ನೋಡಿ, ಮಾತು ನಿಲ್ಲಿಸದೆ, "ಹಸಿ ಸಿಮೆಂಟ್ ಮೇಲೆ ಅವತ್ತೇ ಬಿಳಿ ಕಾಂಪೋಸಿಟ್ ಹಾಕೋರು ಡಾಕ್ಟ್ರಾ?" ಅಂದೆ. ಬಾಗಿಲ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ ನನಗೆ ಗೊತ್ತಿಲ್ಲ. ಮೆಟ್ಟಿಲಿಳಿದದ್ದು ನೆನಪಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೆಂಗಸು "ಯಾಕವ್ವಾ, ಹುಷಾರಿಲ್ವಾ?" ಎಂದು ನೀರು ಕೊಟ್ಟರು.

ಬಸವರಾಜ್ ಸರ್ ಫೋನ್ ಮಾಡಿದ್ದರು. ಬಯ್ಯಲಿಲ್ಲ. "ಮಧುಶ್ರೀ ಕೇಳ್ತಿದ್ಲಮ್ಮಾ, ಕ್ಲಿನಿಕ್ ಅವಳಿಗೇ ಕೊಡ್ತೀನಿ, ಬೇಜಾರ್ ಮಾಡ್ಕೋಬೇಡ" ಅಂದರು. ಬಯ್ದಿದ್ದರೇ ಚೆನ್ನಾಗಿತ್ತು.

ಮಾತು ಕುಣಿಗಲ್‌ವರೆಗೂ ಬಂದಿದೆ. ನಮ್ಮೂರ ಅಡವಿಯಪ್ಪ, ಹೋದ ವರ್ಷ ಅವರ ಹೆಂಡತಿಗೆ ಹಲ್ಲು ಮಾಡಿದ್ದೆ, ಕ್ಲಿನಿಕ್ಕಿನ ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಂತು ಕೇಳಿದರು. "ಡಾಕ್ಟ್ರವ್ವಾ, ಬೇಜಾರ್ ಮಾಡ್ಕಬ್ಯಾಡಿ. ನಮ್ಮನೆಯವ್ಳ ಹಲ್ಗೂ ಹಂಗೇ ಏನಾರಾ ಆಗೈತಾ? ಆಗಿದ್ರೆ ಹೇಳ್ಬುಡಿ." ಇಲ್ಲ ಅಂದೆ. ನಂಬಿದರೋ ಇಲ್ಲವೋ. ಅಮ್ಮನ ಕಿವಿಗೂ ಬಿತ್ತು. "ಆ ತಾಯಮ್ಮಂಗೆ ಏನ್ ಮಾಡ್ದೇ ನೀನು? ಹೇಳೇ!" ಎಂದು ನನ್ನ ಭುಜ ಹಿಡಿದು ಅಲುಗಿಸಿದಳು. ಅವಳಿಗೂ ನಾನು ಏನೂ ಹೇಳಲಿಲ್ಲ.

ಇದಾವುದಕ್ಕಿಂತ ಹೆಚ್ಚಾಗಿ ನನಗೆ ಆಘಾತವಾದದ್ದು ನಿನ್ನ ಕಾಗದದ ಎರಡನೇ ಸಾಲು. ಕಿತ್ತುಬಿಟ್ಟೆಯಾ? ನಿಜವಾಗಿ ಕಿತ್ತೆಯಾ? ಬದುಕುವ ಹಲ್ಲಾಗಿತ್ತು ಇರಮ್. ಅದನ್ನು ಉಳಿಸಬೇಕೆಂದೇ ನಾನು

ಬೇಡ. ಬಿಡು.

ಗಾಯ ಒಣಗಿತಾ? ಅಮ್ಮಿ ಈಗ ಯಾವ ಕಡೆ ಅಗಿಯುತ್ತಾರೆ?

ನಂದಿತಾ


ಗುಬ್ಬಿ
13-4-2024

ನಂದಿತಾ,

ನಿನ್ನ ಕಾಗದಕ್ಕೆ ಆಗ ಉತ್ತರ ಬರೆಯಲಿಲ್ಲ. ಇವತ್ತು ಬರೆಯುತ್ತಿರುವುದು ಉತ್ತರವಲ್ಲ. ಹೇಗೆ ಶುರು ಮಾಡಬೇಕೆಂದೇ ತಿಳಿಯುತ್ತಿಲ್ಲ. ಈದ್ ದಿನ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನ ಊಟವಾದ ಮೇಲೆ ಅಮ್ಮಿ ಶೀರ್ ಖುರ್ಮಾ ಪಾಯಸವನ್ನು ಸ್ಟೀಲ್ ಡಬ್ಬಿಗೆ ಹಾಕುತ್ತಿದ್ದಳು. ನಿನ್ನ ಪಾಲು. "ನಂದಿತಾ ಯಾಕೆ ಇನ್ನೂ ಬಂದಿಲ್ಲ? ಫೋನ್ ಮಾಡೇ" ಅಂದಳು. ಅವಳು ಬರಲ್ಲ ಅಂದೆ. ಯಾಕೆ ಅಂದಳು. ಇಷ್ಟು ದಿನ ಮುಚ್ಚಿಟ್ಟುಕೊಂಡು ಸಾಕಾಗಿತ್ತು. ಎಲ್ಲ ಹೇಳಿದೆ. ನೀನು ಮಾಡಿದ ತೂತು, ಅದರ ಮೇಲೆ ಮುಚ್ಚಿದ ಫಿಲ್ಲಿಂಗ್, ಬ್ಯಾಚಿನವರ ಮುಂದೆ ನಾನು ಹೇಳಿದ್ದು, ಕ್ಲಿನಿಕ್ ಮಧುಶ್ರೀಗೆ ಹೋದದ್ದು. ಅಮ್ಮಿ ಸೌಟು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟಳು.

"ಏನೇ ಮಾಡಿಬಿಟ್ಟೆ? ಏನೇ ಮಾಡಿಬಿಟ್ಟೆ ನೀನು? ಆ ತೂತು ಅವಳದಲ್ಲ ಕಣೇ. ನಿಂದು!"

ಅವಳು ಹೇಳಿದ್ದು ನಮ್ಮ ಮನೆಯ ಉರ್ದುವಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾವ ಭಾಷೆಯಲ್ಲಿ ಬರೆದರೂ ಅದು ಅಷ್ಟೇ.

ನಾನು ನಕ್ಕೆ, ಗೊತ್ತಾ? ಅಮ್ಮಿಗೆ ತಿಳಿಯದೆ ಏನೋ ಹೇಳುತ್ತಿದ್ದಾಳೆ ಅಂದುಕೊಂಡೆ. ಅವಳು ನಗಲಿಲ್ಲ. "ನಂದಿತಾ ನಿನ್ನ ಔಷಧಿ ತೆಗೆದು ನೋಡಿದ್ಲು. ನೋಡಿ ಕನ್ನಡಿ ಹಿಡಿದುಕೊಂಡು ಸುಮ್ಮನೆ ನಿಂತ್ಲು. ಏನಮ್ಮಾ ಅಂದೆ. 'ಅಮ್ಮಿ, ಇಲ್ಲಿ ತಳದಲ್ಲಿ ತೂತಾಗಿದೆ, ಅದಕ್ಕೇ ಇಷ್ಟು ನೋವು. ಇರಮ್‌ಗೆ ಫೋನ್ ಮಾಡಿ ಹೇಳ್ತೀನಿ' ಅಂದ್ಲು. ಫೋನ್ ತೆಗೆದೇಬಿಟ್ಟಿದ್ಲು. ನಾನು ಅವಳ ಕೈ ಹಿಡಿದು ನನ್ನ ತಲೆ ಮೇಲೆ ಇಟ್ಟುಕೊಂಡೆ. ನನ್ನ ಆಣೆ, ಅವಳಿಗೆ ಯಾವತ್ತೂ ಹೇಳಬಾರದು ಅಂದೆ."

ಯಾಕೆ ಅಮ್ಮಿ ಎಂದು ಕಿರುಚಿದೆ. ಅಬ್ಬಾ ಒಳಗಿನಿಂದ ಎದ್ದು ಬಂದರು.

"ಯಾಕೆ ಅಂದ್ರೆ? ಇಂಟರ್ನ್‌ಶಿಪ್‌ನಲ್ಲಿ ಯಾರದೋ ಹಲ್ಲು ಕಿತ್ತು ರಕ್ತ ನಿಲ್ಲಲಿಲ್ಲ ಅಂತ ತಿಂಗಳುಗಟ್ಟಲೆ ಮನೇಲಿ ಬಿದ್ಕೊಂಡಿದ್ದೆ, ಮರೆತೆಯಾ? ಡಾಕ್ಟರ್ ಕೆಲಸವೇ ಬೇಡ ಅಂತ ಅಳ್ತಿದ್ದೆ. ನಂದಿತಾ ಬಂದು ಕೂತು, ಎಬ್ಬಿಸಿ ಕರ್ಕೊಂಡು ಹೋದ್ಲು. ಆಗ ಅಬ್ಬಾ ಕೈಯಾರೆ ಬೆಂಚು ಮಾಡಿ, ಬೋರ್ಡ್ ಮಾಡಿ ನಿನಗೆ ಕ್ಲಿನಿಕ್ ಹಾಕಿ ಕೊಟ್ಟು ಮೂರು ತಿಂಗಳೂ ಆಗಿರಲಿಲ್ಲ, ತಾಯಿ ಹಲ್ಲೇ ತೂತು ಮಾಡಿದೆ ಅಂದ್ರೆ ನೀನು ಮತ್ತೆ ಎದ್ದು ಬರ್ತಿದ್ದೆಯಾ?"

ಆಮೇಲೆ ನಾನು ಕೇಳದೆಯೇ ಉಳಿದದ್ದನ್ನೂ ಹೇಳಿದಳು. ನೀನು ಸಿಮೆಂಟ್ ಹಾಕಿ, ಎರಡು ವಾರ ಬಿಟ್ಟು ಬನ್ನಿ, ಆಮೇಲೆ ಬಿಳಿಯದು ಹಾಕುತ್ತೇನೆ ಅಂದೆಯಂತೆ. "ನಾನು ಬಿಡಲಿಲ್ಲ. ತಾತ್ಕಾಲಿಕದ್ದು ಹಾಕಿಕೊಂಡು ಮನೆಗೆ ಬಂದ್ರೆ ಮಾರನೇ ದಿನ ನೀನು ಬಿಚ್ಚಿ ನೋಡೋಳು. ಇವತ್ತೇ ಹಾಕು, ಇಲ್ಲದಿದ್ರೆ ಹೀಗೇ ಎದ್ದು ಹೋಗ್ತೀನಿ ಅಂತ ಚೇರಿಂದ ಕಾಲು ಕೆಳಗಿಟ್ಟೆ. ಪಾಪ, ಅವಳು ಅಳ್ತಾ ಹಾಕಿದ್ಲು."

ಹಲ್ಲು ಕೀಳುವಾಗಲಾದರೂ ಯಾಕೆ ಹೇಳಲಿಲ್ಲ ಅಂದೆ. "ಹಲ್ಲು ಹೋದ್ರೆ ಆ ಮಾತೂ ಹೋಗುತ್ತೆ ಅಂದ್ಕೊಂಡೆ. ನೀನು ಅವಳನ್ನ ಬಯ್ತೀಯ ಅಂತ ನನಗೇನು ಗೊತ್ತು?"

ನಂದಿತಾ, ಈಗ ಎಲ್ಲ ನೆನಪಿಗೆ ಬರುತ್ತಿದೆ. ಅವತ್ತು ಡ್ರಿಲ್ ಒಳಗೆ ಸರಕ್ಕನೆ ಜಾರಿತ್ತು. ರಕ್ತ ಬಂತು. ನರದ ರಕ್ತ ಅಂದುಕೊಂಡೆ. ಹತ್ತಿ ಒತ್ತಿದೆ, ನಿಂತಿತು, ಮುಚ್ಚಿಬಿಟ್ಟೆ. ಎಕ್ಸ್‌ರೇ ತೆಗೆಯಲಿಲ್ಲ. ಅಮ್ಮಿಯೇ ತಾನೆ, ಮುಂದಿನ ವಾರ ತೆಗೆದರಾಯಿತು ಅಂದುಕೊಂಡೆ.

ನಿನ್ನ ಎರಡು ಕಾಗದಗಳನ್ನೂ ಮತ್ತೆ ಓದಿದೆ. ಪ್ರತಿ ಸಾಲಿನಲ್ಲೂ ನೀನು ಹೇಳದೆ ಬಿಟ್ಟದ್ದು ಈಗ ಕಾಣುತ್ತಿದೆ. ಬಾಗಿಲ ಹತ್ತಿರ ನೀನು ನಿಂತಿದ್ದೆ. ನಾನು ನೋಡಿದೆ. ನೋಡಿಯೂ ಮಾತು ಮುಂದುವರಿಸಿದೆ. ನನ್ನ ತೂತಿಗೆ, ನಿನ್ನನ್ನು.

ಕ್ಷಮಿಸು ಎಂದು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ನಾನು ಈಗ ಏನು ಮಾಡಲಿ, ಹೇಳು.

ಇರಮ್


ಕುಣಿಗಲ್
20-5-2024

ಇರಮ್,

ನಿನ್ನ ಕಾಗದ ಬಂದು ತಿಂಗಳಾಯಿತು. ಓದಿದಾಗ ನಿರಾಳವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಬರೀ ಕೋಪ ಬಂತು. ಅಷ್ಟು ದಿನ ಎಲ್ಲಿತ್ತೋ. ಅಡವಿಯಪ್ಪ ಚಪ್ಪಲಿ ಬಿಡದೆ ನಿಂತದ್ದು, ಹೋಟೆಲಿನಲ್ಲಿ ಎಲ್ಲರೂ ತಿರುಗಿದ್ದು, ಕಣ್ಣು ಮುಚ್ಚಿದರೆ ಅದೇ. ಆದ್ದರಿಂದ ಈಗಲೇ ಮನೆಗೆ ಬಾ ಎಂದು ಬರೆಯಲಾರೆ. ಬಂದರೂ ನಿನ್ನ ಮುಖ ನೋಡಿ ಏನು ಮಾತಾಡಲಿ?

ಆದರೆ ಒಂದು ಮಾತು ನೆಟ್ಟಗೆ ಹೇಳಬೇಕು. ತೂತು ನಿನ್ನದು, ಅವಸರ ನನ್ನದು. ಅಮ್ಮಿ ಕೈಹಿಡಿದರು, ಆಣೆ ಹಾಕಿದರು, ಎದ್ದು ಹೋಗುತ್ತೇನೆ ಅಂದರು, ಎಲ್ಲ ನಿಜ. ಆದರೂ ಚೇರಿನ ಪಕ್ಕ ನಿಂತ ಡಾಕ್ಟರ್ ನಾನು. ಪೇಷಂಟ್ ಅತ್ತರೆ ಸಿಮೆಂಟ್ ಬೇಗ ಗಟ್ಟಿಯಾಗುವುದಿಲ್ಲ. ನಾನು ಆಗುವುದಿಲ್ಲ ಎಂದಿದ್ದರೆ ಅವರು ಒಂದು ದಿನ ಮುನಿಸಿಕೊಳ್ಳುತ್ತಿದ್ದರು, ಹಲ್ಲು ಇರುತ್ತಿತ್ತು.

ಫಾಯಿಜಾ ಫೋನ್ ಮಾಡಿದ್ದಳು. ಈದ್ ಆದಾಗಿನಿಂದ ನೀನು ಕ್ಲಿನಿಕ್ಕಿನ ಬೀಗ ತೆಗೆದಿಲ್ಲವಂತೆ. ಪೇಷಂಟುಗಳು ಬಂದು ಬೆಂಚಿನ ಮೇಲೆ ಕೂತು ಎದ್ದು ಹೋಗುತ್ತಾರಂತೆ. ಅಬ್ಬಾ ಬೆಳಿಗ್ಗೆ ಹೋಗಿ ಮುಚ್ಚಿದ ಬಾಗಿಲ ಮುಂದೆ ಕಸ ಗುಡಿಸಿ ಬರುತ್ತಾರಂತೆ. ಕೇಳಿ ನನಗೆ ದಿಗ್ಭ್ರಮೆಯಾಯಿತು. ಅಮ್ಮಿ ಯಾವುದಕ್ಕೆ ಹೆದರಿ ನನ್ನ ಬಾಯಿ ಕಟ್ಟಿದರೋ ಅದೇ ಆಗಿಹೋಯಿತಲ್ಲ! ನಾನು ಅಷ್ಟು ಸಹಿಸಿಕೊಂಡದ್ದು ನೀನು ಬೀಗ ಹಾಕಿಕೊಂಡು ಕೂರಲೆಂದಲ್ಲ.

ಏನು ಮಾಡಲಿ ಎಂದು ಕೇಳಿದ್ದೀಯ. ಎಲ್ಲಿ ನಿಂತು ಹೇಳಿದೆಯೋ ಅಲ್ಲೇ ನಿಂತು ಹೇಳು.

ನಂದಿತಾ


ಗುಬ್ಬಿ
10-6-2024

ನಂದಿತಾ,

ಹೇಳಿದೆ. ನಿನ್ನೆ, ಅದೇ ಹೋಟೆಲಿನಲ್ಲಿ. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿ ಕರೆದಿದ್ದೆ. ಬಹಳ ಜನ ಬಂದಿದ್ದರು. ಮದುವೆ ಸುದ್ದಿ ಇರಬೇಕು ಅಂದುಕೊಂಡಿದ್ದರಂತೆ.

ಆ ತೂತು ನನ್ನ ಕೈಯಲ್ಲಿ ಆದದ್ದು, ನಂದಿತಾ ಅದನ್ನು ರಿಪೇರಿ ಮಾಡಿದವಳು, ಬದುಕುತ್ತಿದ್ದ ಹಲ್ಲನ್ನು ಕೋಪಕ್ಕೆ ಕಿತ್ತವಳು ನಾನು ಅಂದೆ. ಧ್ವನಿ ಎಷ್ಟು ನಡುಗಿತೆಂದರೆ ಹಿಂದೆ ಕೂತವರು ಏನಂದ್ಲು ಏನಂದ್ಲು ಎಂದು ಪಕ್ಕದವರನ್ನು ಕೇಳುತ್ತಿದ್ದರು. ಮತ್ತೆ ಮೊದಲಿನಿಂದ ಹೇಳಿದೆ. ಬಸವರಾಜ್ ಸರ್ ಕನ್ನಡಕ ತೆಗೆದು ಒರೆಸಿಕೊಂಡು, "ಹಲ್ಲು ತೂತು ಮಾಡ್ದೋರು ಇಲ್ಲಿ ಇನ್ನೂ ಯಾರ್ಯಾರಿದೀರಿ, ಕೈ ಎತ್ತಿ" ಎಂದು ತಾವೇ ಮೊದಲು ಎತ್ತಿದರು. ಬೇರೆ ಯಾರೂ ಎತ್ತಲಿಲ್ಲ. ಮಧುಶ್ರೀ ತಟ್ಟೆ ನೋಡುತ್ತಿದ್ದಳು. ಕ್ಲಿನಿಕ್ ಈಗ ಅವಳದು, ಬೋರ್ಡೂ ಬಂದಿದೆ. ಅದನ್ನು ನಾನು ನಿನಗೆ ವಾಪಸು ಕೊಡಿಸಲಾರೆ.

ಅಡವಿಯಪ್ಪನವರಿಗೂ ಕೊತ್ತಗೆರೆಗೇ ಹೋಗಿ ಹೇಳಿ ಬಂದೆ. ನಿನ್ನ ಮನೆಯ ಮುಂದೆ ಹಾದು ಹೋದೆ, ಒಳಗೆ ಬರಲಿಲ್ಲ.

ಬೀಗ ಇನ್ನೂ ತೆಗೆದಿಲ್ಲ. ತೆಗೆದು ಚೇರಿನ ಪಕ್ಕ ನಿಂತರೆ ಆ ಸರಕ್ಕನೆ ಜಾರಿದ್ದು ಕೈಗೆ ಬರುತ್ತದೆ.

ಇರಮ್


ಕುಣಿಗಲ್
2-7-2024

ಇರಮ್,

ಅಡವಿಯಪ್ಪ ಬಂದಿದ್ದರು. ಈ ಸಲ ಚಪ್ಪಲಿ ಬಿಟ್ಟು ಒಳಗೆ ಬಂದರು. ಒಂದು ಗೊನೆ ಎಳನೀರು ಇಳಿಸಿ ಹೋದರು.

ಅಮ್ಮಿ ಆಣೆ ವಾಪಸು ತೆಗೆದುಕೊಂಡರೆಂದು ಫಾಯಿಜಾ ಹೇಳಿದ ಮೇಲೆ ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅವಳಿಗೆ ಬಲಗಡೆ ಮೇಲಿನ ದವಡೆ ಹಲ್ಲು ಆಳವಾಗಿ ಹುಳುಕಾಗಿದೆ, ನರದ ಹತ್ತಿರ ಬಂದಿದೆ. ನಾನು ಮಾಡುತ್ತೇನೆ ಅಂದರೆ ಬೇಡವಂತೆ. "ನಾನು ಆ ಹುಡ್ಗಿ ತಾವ್ಕೇ ಹೋಯ್ತೀನಿ" ಅಂದಳು. ಯಾಕಮ್ಮ ಅಂದೆ. "ಹೆದ್ರಿರೋಳು ನೋಡ್ಕಂಡು ಮಾಡ್ತಾಳೆ ಬುಡು" ಅಂದಳು.

ಮುಂದಿನ ವಾರ ಗುರುವಾರ ಬರುತ್ತಾಳೆ. ಬೀಗ ತೆಗೆದಿಟ್ಟಿರು. ಮೊದಲು ಎಕ್ಸ್‌ರೇ ತೆಗೆ. ಕೈ ನಡುಗಿದರೆ ನಿಲ್ಲಿಸು. ಏನಾದರೂ ಆದರೆ ಅವಳಿಗೆ ಅಲ್ಲೇ ಹೇಳು, ನನಗೂ ಹೇಳು. ಅವಳು ಗಲಾಟೆ ಮಾಡುತ್ತಾಳೆ, ಮಣಿಯಬೇಡ.

ನಂದಿತಾ


ಗುಬ್ಬಿ
12-7-2024

ನಂದಿತಾ,

ನಿನ್ನೆ ಅಮ್ಮ ಬಂದರು. ತುಮಕೂರಿನಲ್ಲಿ ಬಸ್ ಬದಲಾಯಿಸಿ, ಬೆವರು ಒರೆಸಿಕೊಳ್ಳುತ್ತ, ಚೀಲದ ತುಂಬ ತೆಂಗಿನಕಾಯಿ ಹೊತ್ತುಕೊಂಡು. ಅಬ್ಬಾ ಬೆಂಚಿನಿಂದೆದ್ದು ಚೀಲ ತೆಗೆದುಕೊಂಡರು. ನಾನು ಬಾಗಿಲಲ್ಲೇ ನಿಂತಿದ್ದೆ. ಅವರ ಕಾಲು ಮುಟ್ಟಲು ಬಗ್ಗಿದೆ. "ಅದೆಲ್ಲಾ ಆಮೇಕೆ. ಮದ್ಲು ಹಲ್ಲು ನೋಡವ್ವಾ, ಪ್ರಾಣ ಹೋಯ್ತಾ ಐತೆ" ಅಂದರು.

ಎಕ್ಸ್‌ರೇ ತೆಗೆದೆ. ಡ್ರಿಲ್ ಹಿಡಿದೆ. ನಡುವೆ ಒಂದು ಸಲ ಕೈ ನಡುಗಿತು. ನಿಲ್ಲಿಸಿ ಹೋಗಿ ಮುಖ ತೊಳೆದುಕೊಂಡು ಬಂದೆ. ಅಮ್ಮ ಬಾಯಿ ತೆರೆದುಕೊಂಡೇ ಕಾಯುತ್ತಿದ್ದರು. ಹುಳುಕೆಲ್ಲ ತೆಗೆದಾಗ ತಳದಲ್ಲಿ ನರದ ಗುಲಾಬಿ ಬಣ್ಣ ತೆಳ್ಳಗೆ ಹೊಳೆಯಿತು. ತೂತಾಗಿಲ್ಲ. ಖಾತ್ರಿಯಾಗಲೆಂದು ಮತ್ತೆ ಮತ್ತೆ ನೋಡಿದೆ. ನರ ಕಾಯಲೆಂದು ಅದರ ಮೇಲೆ ಅದೇ ಸಿಮೆಂಟ್ ಹಾಕಿದೆ. ಮೇಲೆ ತಾತ್ಕಾಲಿಕದ್ದು ಮುಚ್ಚಿದೆ.

ನೀನು ಹೇಳಿದ ಹಾಗೇ ಗಲಾಟೆ ಶುರುವಾಯಿತು. "ಇವತ್ತೇ ಬಿಳೇದು ಹಾಕ್ಬುಡವ್ವಾ. ಇನ್ನೊಂದ್ ದಪ ಎಲ್ಡೆಲ್ಡು ಬಸ್ ಹತ್ಕಂಡು ಯಾರ್ ಬತ್ತಾರೆ?" ಆಗಲ್ಲ ಅಮ್ಮಾ, ಒಳಗೆ ಇನ್ನೂ ಹಸಿಯಾಗಿದೆ, ಎರಡು ವಾರ ಬಿಟ್ಟು ಬನ್ನಿ ಅಂದೆ. ಬೈದರು, ಮುಖ ತಿರುಗಿಸಿದರು, ಸೊಂಟ ನೋವು ಅಂದರು. ಆಗಲ್ಲ ಅಂದೆ. ಆ ಮಾತು ಹೇಳುವಾಗ ನನಗೆ ಎಷ್ಟು ಕಷ್ಟವಾಯಿತೋ, ನಿನಗೆ ಅವತ್ತು ಎಷ್ಟಾಗಿರಬೇಕೋ.

ಕೊನೆಗೆ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದರು: "ಬತ್ತೀನಿ ಬುಡು. ಆದ್ರೆ ಒಬ್ಳೇ ಬರಾಕಿಲ್ಲ. ಮಗಳ್ನ ಕರ್ಕಂಡೇ ಬರಾದು."

ನಾನು ಹೂಂ ಅಂದುಬಿಟ್ಟೆ. ನಿನ್ನನ್ನು ಕೇಳದೆ ಅಂದದ್ದು ತಪ್ಪಾಯಿತೇನೋ. ಇಪ್ಪತ್ತೈದನೇ ತಾರೀಕು ಮಧ್ಯಾಹ್ನದ ಮೇಲೆ ಬೇರೆ ಯಾರಿಗೂ ಬರಹೇಳಿಲ್ಲ. ಅಮ್ಮಿಗೂ ಇನ್ನೂ ತಿಳಿಸಿಲ್ಲ. ತಿಳಿಸಿದರೆ ಬೆಳಿಗ್ಗೆಯಿಂದಲೇ ಬಾಗಿಲಲ್ಲಿ ನಿಂತುಬಿಡುತ್ತಾಳೆ.

ಇರಮ್